ಬೂಸ್ಟ್ ಹುಡುಗ

ಅಥಣಿಯಲ್ಲಿ ಚಪ್ಪಲಿ ಮಾರುವವನಿಗೆ ಜಾಹೀರಾತು ಬೇಕೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಈ ಹುಡುಗ ಬಂದು ಹೇಳಿದ. ಕೈಯಲ್ಲಿ ಎರಡು ಫೋನು, ಬಾಯಲ್ಲಿ ಒಂದೇ ಮಾತು: "ಕಾಕಾ, ಬೂಸ್ಟ್ ಮಾಡೂಣ್ರಿ." ದುಡ್ಡು ಕಟ್ಟಿ ಪೋಸ್ಟನ್ನು ಹೆಚ್ಚು ಮಂದಿಯ ಫೋನಿಗೆ ಮುಟ್ಟಿಸುವುದು ಎಂದರ್ಥ.

ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಎಲ್ಲಿ ಹೋದರೂ ಇಂಥವನೊಬ್ಬ ಸಿಗುತ್ತಾನೆ. ಪುಢಾರಿಯ ಹುಟ್ಟುಹಬ್ಬ, ಜಾತ್ರೆಯ ಕುಸ್ತಿ, ಕೋಚಿಂಗ್ ಕ್ಲಾಸು, ಎಲ್ಲಕ್ಕೂ ಅದೇ ಔಷಧ. ಹಿಂದೆ ರಿಕ್ಷಾಕ್ಕೆ ಭೋಂಗಾ ಕಟ್ಟಿ ಸಂತೆಯಲ್ಲಿ ಒದರುತ್ತಿದ್ದವರ ವಂಶವೇ, ಗಂಟಲೊಂದು ಉಳಿಯಿತು.

2025ರ ಜೂನ್ ಕೊನೆಗೆ ಓಡೋಡಿ ಬಂದ. ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯವರು ನಮ್ಮ ಕೊಲ್ಹಾಪುರಿಯಂಥದೇ ಚಪ್ಪಲಿ ಮೆಟ್ಟಿಸಿ ಹುಡುಗರನ್ನು ನಡೆಸಿದ್ದರು, ದೇಶವೆಲ್ಲ ಗದ್ದಲ. "ಟೈಮಿಂಗ್ ಅಂದ್ರ ಇದರೀ! ಇವತ್ತ ಬಿಟ್ರ ನಾಳಿ ಟ್ರೆಂಡ್ ಇರಂಗಿಲ್ಲ." ಕೊಲ್ಹಾಪುರಿಯ ಜಿಐ ಟ್ಯಾಗಿನಲ್ಲಿ 2019ರಿಂದ ನಮ್ಮ ಬೆಳಗಾವಿ ಜಿಲ್ಲೆಯೂ ಇದೆ, ಅದನ್ನು ಹಾಕು ಎಂದೆ. "ಯಾರ್ ಓದ್ತಾರ್ರಿ ಕಾಕಾ, ಬಟ್ಟಿಲೆ ಮ್ಯಾಲ ತಳ್ತಾರ."

ದಿನಕ್ಕೆ 500 ರೂಪಾಯಿ, ಐದು ದಿನ. ಗಡಿಯ ಎರಡೂ ಕಡೆಯ ಗಿರಾಕಿ ಬರಲೆಂದು ನಕಾಶೆಯಲ್ಲಿ ಕಾಗವಾಡದ ಮೇಲೆ ಗುರುತಿಟ್ಟು, ಸುತ್ತ 25 ಕಿಲೋಮೀಟರ್ ಗುಂಡಗೆ ಗೆರೆ ಹಾಕಿದ. ಮಿರಜ ಪೂರ್ತಿ ಒಳಗೆ ಬಂತು. ಅಂಗಡಿ ಇರುವ ಅಥಣಿ ಹೊರಗೆ ಉಳಿಯಿತು!

ಅತ್ತ ಮಳೆ ಸುರಿಯುತ್ತಿತ್ತು. ನಮ್ಮದು ತೊಗಲಿನ ಎಳೆಯಲ್ಲೇ ಹೊಲಿದ ಮಾಲು. ನೀರು ಕುಡಿಯಿತೆಂದರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಮಿರಜದವನೊಬ್ಬ ಮೆಸೇಜ್ ಹಾಕಿದ: "ಪಾವಸಾತ ಚಾಲೇಲ ಕಾ?" ಮಳೆಯಲ್ಲಿ ನಡೆದೀತೆ ಎಂದು. ಚಪ್ಪಲಿ ಮಾರುವವನು ಅದಕ್ಕೇನು ಉತ್ತರ ಕೊಡಬೇಕು? ಹೆಬ್ಬೆರಳ ಚಿತ್ರ ಕಳಿಸಿ ಸುಮ್ಮನಾದೆ.

ನಾನೇನು ಸಾಚಾ ಅಲ್ಲ. ರಾತ್ರಿ ಎರಡಕ್ಕೆ ಎದ್ದು ಲೈಕ್ ಎಣಿಸಿದ್ದೇನೆ. ರೀಚ್ 11 ಸಾವಿರವಾದಾಗ ಹೆಂಡತಿಯನ್ನೂ ಎಬ್ಬಿಸಿದೆ. "ಅಷ್ಟು ಮಂದ್ಯಾಗ ಒಬ್ಬರಿಗೂ ಕಾಲಿಲ್ಲೇನ?" ಎಂದು ಮಗ್ಗುಲಾದಳು.

ಅಪ್ಪನ ಲೆಕ್ಕ ಬೇರೆ ಇತ್ತು. ಕಾರ್ಖಾನೆಯವರು ಕಬ್ಬಿನ ಬಿಲ್ ಯಾವ ವಾರ ಕೊಡುತ್ತಾರೆ, ಯಾವ ಓಣಿಯಲ್ಲಿ ಲಗ್ನ ಕೂಡಿದೆ, ಎರಡೂ ಚಹಾದಂಗಡಿಯಲ್ಲೇ ತಿಳಿಯುತ್ತಿತ್ತು. ಆ ವಾರ ಕರ್ರ್ ಕರ್ರ್ ಎನ್ನುವ ಜೋಡುಗಳು ಬಾಗಿಲಿಗೆ ತೂಗುತ್ತಿದ್ದವು. ಗಿರಾಕಿ ಮೆಟ್ಟಿಲೇರುವಾಗ ಅಪ್ಪ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ; ಕೂರುವಷ್ಟರಲ್ಲಿ ಅಳತೆಯ ಜೋಡು ಮುಂದೆ. ಈಗ ಚಹಾದಂಗಡಿಯಲ್ಲಿ ಎಲ್ಲರ ತಲೆಯೂ ಫೋನಿನಲ್ಲಿ. ಅಲ್ಲಿ ಕೂತು ನಾನು ಯಾರ ಲಗ್ನದ ಸುದ್ದಿ ಕೇಳಲಿ? ಹುಡುಗನನ್ನೇ ಬೈದು ಏನು ಬಂತು.

ಮೊನ್ನೆ ಮತ್ತೆ ಬಂದ, ಬಾಕಿ ಬಿಲ್ ಹಿಡಿದು. ಬೈಯಬೇಕೆಂದಿದ್ದೆ. ಆದರೆ ಕಣ್ಣು ಕಾಲಿಗೇ ಹೋಯಿತು: ಬಾಯಿ ಬಿಟ್ಟ ಬೂಟು, ಎಂಟು ನಂಬರಿನ ಪಾದ, ಬೆರಳಿಗೆ ಹೊಸ ಅರಿಶಿನ.

"ಲಗ್ನ ಏನೋ?"

"ಹೂಂನ್ರಿ ಕಾಕಾ, ಮುಂದಿನ ವಾರ." ನಾಚಿದ. "ಒಂದು ಕರಕರ ಜೋಡು ಕೊಡ್ರಿ. ಬಿಲ್ಲಿನ್ಯಾಗ ಹಿಡಕೊಳ್ರಿ."