ಹೊಗೆಯಲ್ಲಿ ನನ್ನದೂ ಒಂದು ಪಾಲು

ಅಕ್ಕನ ಮಗನಿಗೆ ಬುದ್ಧಿ ಹೇಳುವುದು ಸೋದರಮಾವನ ಹುಟ್ಟುಹಕ್ಕು. ಆ ಧೈರ್ಯದಲ್ಲೇ ಮೊನ್ನೆ ಬೇಕರಿ ಪಕ್ಕದ ಸಂದಿಯಲ್ಲಿ ಸಿಗರೇಟು ಸೇದುತ್ತಾ ನಿಂತಿದ್ದವನನ್ನು ತಡವಿಕೊಂಡೆ. "ಏನೋ ಇದು? ಪ್ಯಾಕಿನ ಮೇಲೆ ಶೇ. 85 ಭಾಗ ಆ ಹುಣ್ಣಿನ ಚಿತ್ರ ಹಾಕಿರೋದು ಅಲಂಕಾರಕ್ಕಾ?" ಅಂದೆ. ಹುಡುಗ ಗಾಬರಿಯಾಗಲಿಲ್ಲ. ಬೂದಿ ಕೊಡವಿ, "ಮಾವ, ನಿಮ್ಮ ಹತ್ರ ಐಟಿಸಿ ಷೇರು ಎಷ್ಟಿದೆ?" ಅಂದ. ಬಾಯಿತಪ್ಪಿ "200" ಅಂದುಬಿಟ್ಟೆ.

"ಹಂಗಾದ್ರೆ ನಾನು ಸೇದ್ತಿರೋದು ನಿಮಗೋಸ್ಕರಾನೇ ಅಲ್ವಾ? ಡಿವಿಡೆಂಡ್ ಬಂದಾಗ ಒಂದು ಕಾಫಿ ಕೊಡ್ಸಿ, ಸಾಕು."

ಕಾಫಿ ಅವತ್ತೇ ಕೊಡಿಸಿದೆ. ವಿಷಯ ಅಕ್ಕನ ಕಿವಿಗೆ ಬಿದ್ದರೆ ನನಗಾಗುವ ಖರ್ಚು ಇನ್ನೂ ಜಾಸ್ತಿ.

ಆದರೆ ಮಾತು ಗಂಟಲಲ್ಲೇ ಕೂತಿತ್ತು. ರಾತ್ರಿ ಊಟದ ಹೊತ್ತಿಗೆ ವಾದ ಸಿದ್ಧವಾಯಿತು. "ನಾನು ಆ ಷೇರು ಕೊಂಡಿದ್ದು ಸಿಗರೇಟು ನೋಡಿ ಅಲ್ಲ ಕಣೇ. ಆಶೀರ್ವಾದ್ ಗೋಧಿಹಿಟ್ಟು, ಸನ್‌ಫೀಸ್ಟ್ ಬಿಸ್ಕತ್ತು, ಮಕ್ಕಳು ಬರೆಯೋ ಕ್ಲಾಸ್‌ಮೇಟ್ ನೋಟ್‌ಬುಕ್ಕು ನೋಡಿ. ನೀನು ದಿನಾ ದೇವರ ಮುಂದೆ ಹಚ್ಚೋ ಮಂಗಳದೀಪ ಊದುಬತ್ತಿನೂ ಅವರದ್ದೇ." ದೇವರಿಗೂ ಅಳಿಯನಿಗೂ ಹೊಗೆ ಒಂದೇ ಅಂಗಡಿಯಿಂದ ಹೋಗುತ್ತದೆ ಅನ್ನುವುದು ನನಗೂ ಹೊಳೆದದ್ದು ಆಗಲೇ. ಈ ಕಂಪನಿ 1910ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದಾಗ ಹೆಸರು ಇಂಪೀರಿಯಲ್ ಟೊಬ್ಯಾಕೊ. 1970ರಲ್ಲಿ ಇಂಪೀರಿಯಲ್ ಹೋಗಿ ಇಂಡಿಯಾ ಆಯಿತು. 1974ರಲ್ಲಿ ಮೂರು ಅಕ್ಷರ ಮಾತ್ರ ಉಳಿಯಿತು. ಹೆಸರಿನಿಂದ ಹೊಗೆಸೊಪ್ಪು ಹೋಯಿತು. ಲೆಕ್ಕದ ಪುಸ್ತಕದಿಂದ ಹೋಗಲಿಲ್ಲ. ಲಾಭದ ಸಿಂಹಪಾಲು ಇವತ್ತಿಗೂ ಸಿಗರೇಟಿನದೇ.

ನನ್ನವಳು ಚಪಾತಿ ತಿರುವಿ ಹಾಕುತ್ತಾ, "ಸರಿ, ಹಿಟ್ಟಿನ ಡಿವಿಡೆಂಡ್ ಇಟ್ಕೊಂಡು ಹೊಗೆದನ್ನ ವಾಪಸ್ ಕಳಿಸಿಬಿಡಿ" ಅಂದಳು.

ಇಂಥ ಹೊತ್ತಿಗೆಂದೇ ಗಂಡಸರು ತತ್ವಶಾಸ್ತ್ರ ಇಟ್ಟುಕೊಂಡಿರುತ್ತಾರೆ. "ನೋಡು, ನೀತಿ ಅನ್ನೋದು ಸಾಪೇಕ್ಷ" ಅಂತ ಶುರುಮಾಡಿದೆ. ಅವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ಅನ್ನುವುದು ಮರೆತೇಹೋಗಿತ್ತು. "ಬಿಡಿಸಿ ಹೇಳಿ. ಸ, ಅಪೇಕ್ಷ. ಸವರ್ಣದೀರ್ಘ ಸಂಧಿ. ಅಪೇಕ್ಷೆ ಇಟ್ಕೊಂಡಿರೋದಕ್ಕೆ ಸಾಪೇಕ್ಷ ಅಂತಾರೆ. ನಿಮ್ಮ ಅಪೇಕ್ಷೆ ಷೇರಿಗೆ ಎಷ್ಟು ರೂಪಾಯಿ?" ಅಂದಳು.

ಮನೆಯಲ್ಲಿ ಸೋತವನು ಎದುರುಮನೆಗೆ ಹೋಗಬೇಕು. ಅಲ್ಲಿನ ರಾಯರು ಎಲ್‌ಐಸಿ ಏಜೆಂಟರಾಗಿ ಹಣ್ಣಾದವರು. "ಅಲ್ರೀ, ನೀವ್ಯಾಕೆ ಕೊರಗ್ತೀರಿ? ಐಟಿಸಿಯಲ್ಲಿ ಸುಮಾರು ಶೇ. 15 ನಮ್ಮ ಎಲ್‌ಐಸಿದೇ ಇದೆ" ಅಂತ ಸಮಾಧಾನ ಹೇಳಿದರು. ಸಮಾಧಾನವೇನೋ ಆಯಿತು, ಜೊತೆಗೆ ನಗುವೂ ಬಂತು. ಜನರ ಜೀವಕ್ಕೆ ವಿಮೆ ಇಳಿಸುವ ಸಂಸ್ಥೆ. ಟರ್ಮ್ ಪಾಲಿಸಿ ಕೇಳಿದರೆ ಸೇದುವವನಿಗೆ ಒಂದು ದರ, ಸೇದದವನಿಗೆ ಒಂದು ದರ. ಸೇದಿದರೆ ಪ್ರೀಮಿಯಂ ಜಾಸ್ತಿ, ಸೇದಿದಷ್ಟೂ ಡಿವಿಡೆಂಡ್ ಜಾಸ್ತಿ. ನಮ್ಮ ಅಳಿಯನೊಬ್ಬನನ್ನು ಎರಡು ಕೈಯಲ್ಲೂ ಬಾಚಬಹುದು! ಎರಡು ಕೈ ಅಂದಾಗ ನೆನಪಾಯಿತು, ಗೋಡೆಯ ಕ್ಯಾಲೆಂಡರಿನಲ್ಲಿ ಅವರ ಲಾಂಛನ ಇತ್ತು: ದೀಪ ಆರದ ಹಾಗೆ ಅಡ್ಡ ಹಿಡಿದ ಎರಡು ಅಂಗೈ. ಇಷ್ಟು ವರ್ಷ ಅದರಲ್ಲಿ ಸಂಸಾರದ ರಕ್ಷಣೆ ಕಾಣುತ್ತಿತ್ತು. ಅವತ್ತು, ಗಾಳಿಗೆ ಕೈ ಅಡ್ಡ ಹಿಡಿದು ಬೀಡಿ ಹಚ್ಚಿಕೊಳ್ಳುವವನು ಕಂಡ. ಜೀವವಿಮೆಯವರಿಗೆ ಸಿಗರೇಟಿನ ಷೇರು ಯಾಕೆ ಅಂತ 2017ರಲ್ಲಿ ಕೆಲವರು ಪ್ರಶ್ನೆ ಹೊತ್ತು ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು. ನನ್ನ ಹಾಗೆ ಎದುರುಮನೆಯ ಮೆಟ್ಟಿಲು ಹತ್ತಲಿಲ್ಲ.

ನಮ್ಮ ಸರ್ಕಾರಿ ಎಲ್‌ಐಸಿಯನ್ನು ಮಾತ್ರ ಆಡಿಕೊಳ್ಳುವುದು ಬೇಡ ಅಂತ ಹೊರದೇಶಕ್ಕೂ ಕಣ್ಣು ಹಾಯಿಸಿದೆ. ನಾರ್ವೆ ದೇಶದ ಸರ್ಕಾರಿ ನಿಧಿ 2010ರಲ್ಲಿ 17 ತಂಬಾಕು ಕಂಪನಿಗಳನ್ನು ತನ್ನ ಪಟ್ಟಿಯಿಂದ ಕಿತ್ತುಹಾಕಿತು. ಅದರಲ್ಲಿ ನಮ್ಮ ಐಟಿಸಿಯೂ ಒಂದು. ಎಂಥ ಶುದ್ಧಾತ್ಮರು ಅಂತ ಕೈ ಮುಗಿಯುವಷ್ಟರಲ್ಲಿ, ಆ ನಿಧಿಗೆ ದುಡ್ಡು ಬಂದದ್ದು ಎಲ್ಲಿಂದ ಅಂತ ನೆನಪಾಯಿತು: ಸಮುದ್ರದಡಿಯ ಪೆಟ್ರೋಲಿಯಂನಿಂದ. ಶರಿಯತ್ ಪ್ರಕಾರ ಹೂಡುವ ಫಂಡುಗಳು ನಮ್ಮಲ್ಲೇ ಇವೆ. ಅವುಗಳಿಗೆ ಬಡ್ಡಿ ನಿಷಿದ್ಧ, ಹಾಗಾಗಿ ನಮ್ಮಪ್ಪ ದೇವಸ್ಥಾನದಷ್ಟೇ ನಂಬಿದ್ದ ಬ್ಯಾಂಕಿನ ಷೇರನ್ನು ಮುಟ್ಟುವುದಿಲ್ಲ. ಅಮೆರಿಕದಲ್ಲಂತೂ 2002ರಲ್ಲಿ, ಹೆಂಡ, ಹೊಗೆ, ಜೂಜು, ಮದ್ದುಗುಂಡು ಇವಿಷ್ಟರಲ್ಲೇ ಹೂಡುತ್ತೇವೆ ಅಂತ ವೈಸ್ ಫಂಡ್ ಅನ್ನುವ ಹೆಸರಿಟ್ಟುಕೊಂಡೇ ಒಂದು ಫಂಡು ಶುರುವಾಯಿತು. ಅದರ ಪ್ರಾಮಾಣಿಕತೆ ನನಗೆ ಹಿಡಿಸಿತು. ಅಷ್ಟು ದೂರ ಯಾಕೆ, ನಮ್ಮ ಕರ್ನಾಟಕ ಸರ್ಕಾರದ್ದೇ ಎಂಎಸ್‌ಐಎಲ್ ಇದೆಯಲ್ಲ, ಅದು ಮಕ್ಕಳಿಗೆ ಲೇಖಕ್ ನೋಟ್‌ಬುಕ್ಕೂ ಮಾರುತ್ತದೆ, ಅಪ್ಪಂದಿರಿಗೆ ಬಾಟಲಿಯನ್ನೂ ಮಾರುತ್ತದೆ.

"ನೋಡಿದ್ಯಾ, ಒಬ್ಬೊಬ್ಬರಿಗೂ ಒಂದೊಂದು ಪಟ್ಟಿ. ನಾನು ಹೇಳಿದ್ದೂ ಅದೇ" ಅಂತ ಮನೆಗೆ ಬಂದು ಬೀಗಿದೆ. "ಅವರಿಗೆ ಪಟ್ಟಿ ಇದೆ. ನಿಮ್ದೆಲ್ಲಿ?" ಅಂದಳು.

ಇಲ್ಲಿ ನಿಜ ಒಪ್ಪಿಕೊಳ್ಳಬೇಕು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಗೆಳೆಯನೊಬ್ಬ ಇದ್ದಾನೆ. ಮಗಳ ಕಾಲೇಜು ಫೀಸು ಕಟ್ಟಿದ್ದು ಎಲೆ ಒಣಗಿಸುವ ಬ್ಯಾರನ್ನಿನಲ್ಲಿ ಹದ ಮಾಡಿ ಹರಾಜಿಗೆ ಹಾಕಿದ ಸೊಪ್ಪಿನಿಂದ. ಅವನಿಗೆ ಈ ಬೆಳೆ ಬಿಟ್ಟರೆ ಏನು ಅನ್ನುವ ಪ್ರಶ್ನೆ ಇದೆ. ಅವನು ನೀತಿ ಸಾಪೇಕ್ಷ ಅಂದರೆ ನಾನು ಬಾಯಿ ಮುಚ್ಚಿಕೊಂಡು ಕೇಳುತ್ತೇನೆ. ನನಗೇನು ಕಷ್ಟ? ಫೋನಿನಲ್ಲಿ ಎರಡು ಸಲ ಬೆರಳಾಡಿಸಿದರೆ ಷೇರು ಮಾರಿಹೋಗುತ್ತದೆ. ಸಾಪೇಕ್ಷ ಅನ್ನುವ ಮಾತು ಅವನ ಬಾಯಲ್ಲಿ ಅಳಲು, ನನ್ನ ಬಾಯಲ್ಲಿ ನೆಪ. ಇನ್ನು ಅಳಿಯನ ಶ್ವಾಸಕೋಶವಿದೆಯಲ್ಲ, ಅದಕ್ಕೆ ಈ ತತ್ವ ಯಾವುದೂ ಗೊತ್ತಿಲ್ಲ. ಹುಣಸೂರಿನಲ್ಲಿ ಸೇದಿದರೂ ನಾರ್ವೆಯಲ್ಲಿ ಸೇದಿದರೂ ಅದು ಕಪ್ಪಾಗುವುದು ಒಂದೇ ರೀತಿ.

ಬತ್ತಳಿಕೆಯಲ್ಲಿ ಇನ್ನೂ ಒಂದು ಬಾಣ ಉಳಿದಿತ್ತು. "ನಾನು ಕೊಂಡಿದ್ದು ಕಂಪನಿಯಿಂದಲ್ಲ, ಮಾರುಕಟ್ಟೆಯಲ್ಲಿ ಯಾರೋ ಮಾರಿದ್ದನ್ನ. ಕಂಪನಿಗೆ ನನ್ನ ಒಂದು ಪೈಸೆ ಹೋಗಿಲ್ಲ" ಅಂದೆ.

"ಹೋಗಿಲ್ಲ, ನಿಜ. ಬರ್ತಿದೆಯಲ್ಲ?"

ಮಾರುತ್ತೇನೆ ಅಂತ ಮಾತು ಕೊಟ್ಟೆ. ಮಾರಿದ ದುಡ್ಡನ್ನು ಎಲ್ಲಿ ಹಾಕಲಿ ಅಂತ ಹುಡುಕಿದೆ. ನಿಫ್ಟಿ ಇಂಡೆಕ್ಸ್ ಫಂಡಿಗೆ ಹಾಕಿದರೆ ಅದರ 50 ಕಂಪನಿಗಳಲ್ಲಿ ಐಟಿಸಿ ಕೂತಿದೆ. 2022ರಲ್ಲಿ ಷೇರುಪೇಟೆಗೆ ಬಂದ ಎಲ್‌ಐಸಿಯದನ್ನೇ ಕೊಂಡರೆ ಹಿತ್ತಿಲ ಬಾಗಿಲಿಂದ ಅದೇ ಹೊಗೆ. ಈ ಹುಡುಕಾಟದಲ್ಲಿ ಎರಡು ಡಿವಿಡೆಂಡ್ ಬಂದುಹೋದವು.

ಷೇರು ಇನ್ನೂ ಡಿಮ್ಯಾಟ್ ಖಾತೆಯಲ್ಲೇ ಇದೆ. ಅಳಿಯನಿಗೆ ಕೊಡಿಸಿದ ಕಾಫಿ 17ಕ್ಕೆ ಬಂದಿದೆ.