ಚರ್ಮದ ಕಾನೂರು: ತಯಾರಿಕೆ, ಬಳಕೆ ಮತ್ತು ದೋಷ ಪರಿಹಾರದ ಕೈಪಿಡಿ

(ಹೊಸಮನೆ ನಿವಾಸಿಗಳ ಉಪಯೋಗಕ್ಕಾಗಿ)

ಬಳಸುವ ಮುನ್ನ ಓದಿ

ಮೊಳೆ ಜೋಡಿಸಿ ಅಚ್ಚು ಹಾಕಿದ, ಕೈಯಲ್ಲಿ ಹೊಲಿದು ಚರ್ಮ ಹೊದಿಸಿದ, ನಂಬರು ಬಿದ್ದ ಕಾದಂಬರಿಯೊಂದು ತಮ್ಮ ಕಪಾಟಿನಲ್ಲೂ ಇರಲಿ ಎಂದು ಆಸೆಪಡುವವರಿಗೆ ಈ ಕೈಪಿಡಿ. ಈ ಚಟಕ್ಕೆ ಮರ್ಯಾದೆ ತಂದವನು ಇಂಗ್ಲೆಂಡಿನ ವಿಲಿಯಂ ಮಾರಿಸ್. 1891ರಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯ ತೆರೆದ. 1896ರಲ್ಲಿ ಚಾಸರ್ ಕವಿಯ ಕೃತಿಗಳನ್ನು ಕಾಗದದ ಮೇಲೆ 425, ಕರುವಿನ ಚರ್ಮದ ಹಾಳೆಯ ಮೇಲೆ 13 ಪ್ರತಿ ಅಚ್ಚು ಮಾಡಿಸಿದ. ಅಮೆರಿಕದಲ್ಲಿ 1929ರಲ್ಲಿ ಹುಟ್ಟಿದ ಲಿಮಿಟೆಡ್ ಎಡಿಷನ್ಸ್ ಕ್ಲಬ್ 1500 ಪ್ರತಿಯವರೆಗೆ ಕೈಬಿಚ್ಚಿತು. ಹೊಸಮನೆಗೆ 108 ಸಾಕು.

ಸಾಮಾನು ತರಿಸುವಾಗ ವಿಳಾಸ ಪೂರ್ತಿ ಬರೆಯಿರಿ. ಶಿವಮೊಗ್ಗದಲ್ಲೊಂದು ಹೊಸಮನೆ, ಭದ್ರಾವತಿಯಲ್ಲೊಂದು ಹೊಸಮನೆ. ಒಂದಕ್ಕೆ ತುಂಗೆ, ಇನ್ನೊಂದಕ್ಕೆ ಭದ್ರೆ. ಎರಡೂ ಕೂಡುವುದು ಕೂಡಲಿಯಲ್ಲಿ, ಪಾರ್ಸೆಲ್ ಆಫೀಸಿನಲ್ಲಲ್ಲ.

ಹಂತ 1: ಕೃತಿಯ ಆಯ್ಕೆ

ಶಿವಮೊಗ್ಗ ಜಿಲ್ಲೆಯವರ ಮನಸ್ಸು ತೀರ್ಥಹಳ್ಳಿ ರಸ್ತೆ ಹಿಡಿದು ಕುವೆಂಪು ಅವರ ಕುಪ್ಪಳಿಗೆ ಹೋಗುವುದು ಸಹಜ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಬಹಳ ದಪ್ಪ. ಮೊದಲ ಪ್ರಯತ್ನಕ್ಕೆ ಬೇಡ. 1936ರ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ಯನ್ನೇ ಹಿಡಿಯಿರಿ. ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಕಾನೂನಿನ 60 ವರ್ಷದ ಲೆಕ್ಕದಲ್ಲಿ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಆದ್ದರಿಂದ ಹಕ್ಕುದಾರರ ಅನುಮತಿ ಪಡೆಯಿರಿ. ಅಷ್ಟು ತಾಳ್ಮೆ ಇಲ್ಲದವರಿಗೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಇದೆ, ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ (1915) ಇದೆ. ಎರಡನೆಯದನ್ನು ಆರಿಸಿಕೊಂಡವರು ಬಿಲ್ ಬಂದ ದಿನ ಪುಸ್ತಕದ ಬೆನ್ನು ನೋಡಬಾರದು.

ಹಂತ 2: ಕಾಗದ

ಕಾನೂರು ಪ್ರಕಟವಾದ 1936ರಲ್ಲೇ ಮೈಸೂರು ಕಾಗದ ಕಾರ್ಖಾನೆಯೂ ಹುಟ್ಟಿತು, ಅದೂ ಭದ್ರಾವತಿಯಲ್ಲಿ. ಮಲೆನಾಡಿನ ಬಿದಿರು, ಕಬ್ಬಿನ ಸಿಪ್ಪೆ ಒಳಗೆ ಹೋಗಿ ಕಾಗದವಾಗಿ ಹೊರಗೆ ಬರುತ್ತಿತ್ತು. ಊರಿನ ಕಾದಂಬರಿಗೆ ಊರಿನ ಕಾಗದ: ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಆದರೆ 2015ರಿಂದ ಕಾರ್ಖಾನೆಯ ಯಂತ್ರಗಳು ನಿಂತಿವೆ. ಆದ್ದರಿಂದ ಭದ್ರಾವತಿ ಹೊಸಮನೆಯವರು ಹತ್ತಿಯ ಕೈಕಾಗದಕ್ಕಾಗಿ ಪರಊರಿಗೆ ಬರೆಯತಕ್ಕದ್ದು. ಬರೆಯುವಾಗ ನಾಚಿಕೆ ಎನಿಸಿದರೆ ‘ಶಿವಮೊಗ್ಗ’ ಎಂದು ಸಹಿ ಮಾಡಬಹುದು.

ಹಂತ 3: ಮೊಳೆ ಜೋಡಣೆ

ಸೀಸದ ಅಚ್ಚುಮೊಳೆಗಳನ್ನು ಖಾನೆಗಳಿಂದ ಹೆಕ್ಕಿ, ಸ್ಟಿಕ್ಕಿನಲ್ಲಿ ಒಂದೊಂದಾಗಿ ನಿಲ್ಲಿಸಿ. ಎಲ್ಲ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಇರುತ್ತದೆ. ಹಳೆಯ ಕಂಪೋಸಿಟರುಗಳು ಅದನ್ನು ಪೇಪರು ಓದಿದಷ್ಟೇ ಸಲೀಸಾಗಿ ಓದುತ್ತಿದ್ದರು. ಇಂಗ್ಲಿಷಿಗೆ ಒಂದೆರಡು ಕೇಸು ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಖಾನೆ ಬೇಕು. ಕಂಪೋಸಿಟರಿಗೆ ಕೈ ಎಷ್ಟು ಉದ್ದವಿದ್ದರೂ ಸಾಲದು.

ಮುಖ್ಯ ಎಚ್ಚರಿಕೆ: ಒತ್ತಕ್ಷರದ ದಾಸ್ತಾನು ಮೊದಲೇ ಎಣಿಸಿಟ್ಟುಕೊಳ್ಳಿ. ಈ ಕಾದಂಬರಿಯಲ್ಲಿ ಹೂವಯ್ಯ, ರಾಮಯ್ಯ, ಚಂದ್ರಯ್ಯಗೌಡರು ಒಂದೇ ಪುಟದಲ್ಲಿ ಮಾತಿಗೆ ಕೂತರೆ ಯ-ಒತ್ತು ಖಾಲಿಯಾಗುತ್ತದೆ. ಸುಬ್ಬಮ್ಮ ಒಳಗೆ ಬಂದರೆ ಬ-ಒತ್ತು, ಮ-ಒತ್ತು. ಯಾರಾದರೂ ಅವಳನ್ನು ಹೆಗ್ಗಡಿತಿ ಎಂದು ಕರೆದರೆ ಗ-ಒತ್ತು. ಒತ್ತು ಮುಗಿದಾಗ ಕಥೆ ನಿಲ್ಲಿಸಿ, ಅಚ್ಚಾದ ಪುಟದ ಮೊಳೆ ಬಿಚ್ಚಿ ಖಾನೆಗೆ ಸುರಿದು ಮುಂದುವರಿಯಿರಿ. ಸಣ್ಣ ಪ್ರೆಸ್ಸುಗಳಲ್ಲಿ ಪುಸ್ತಕಗಳು ಹೀಗೇ ಆಗುತ್ತಿದ್ದವು: ನಾಲ್ಕು ಪುಟ ಜೋಡಿಸು, ಕರಡು ತಿದ್ದು, ಅಚ್ಚು ಹಾಕು, ಬಿಚ್ಚು. 500 ಪುಟಕ್ಕೆ ಇದು 125 ಸಲ.

ಹಂತ 4: ಅಚ್ಚು

ಟ್ರೆಡಲ್ ಮೆಷಿನ್ ಹುಡುಕಿ. ಮದುವೆ ಕಾಗದ, ಬಿಲ್‌ಬುಕ್ಕು, ತಿಥಿಯ ಕಾರ್ಡು ಎಲ್ಲ ಅದರಲ್ಲೇ ಆಗುತ್ತಿದ್ದ ಕಾಲವಿತ್ತು. ಈಗ ಉಳಿದಿರುವ ಕೆಲವು ಮೆಷಿನ್ನುಗಳು ರಸೀದಿಗೆ ನಂಬರು ಹಾಕುತ್ತ, ರಟ್ಟಿನ ಡಬ್ಬಿಗೆ ಗೆರೆ ಒತ್ತುತ್ತ ಬದುಕಿವೆ.

ಒತ್ತಡದ ವಿಷಯದಲ್ಲಿ ಜಗಳ ನಿರೀಕ್ಷಿಸಿ. ಅಕ್ಷರ ಕಾಗದದೊಳಗೆ ಇಳಿದು, ಬೆರಳು ಆಡಿಸಿದರೆ ತಗ್ಗು ಸಿಗಬೇಕು ಎಂಬುದು ಇಂದಿನ ಸಂಗ್ರಾಹಕರ ಹಟ. ಹಳೆಯ ಮೆಷಿನ್‌ಮನ್ನಿಗೆ ಅದೇ ದೋಷ. ಹಾಳೆಯ ಹಿಂಬದಿ ಉಬ್ಬಿತೆಂದರೆ ಮಾಲೀಕರಿಂದ ಬೈಗುಳ. ಅದನ್ನು ತಪ್ಪಿಸಲು ಅವನು ಕಾಗದದ ಚೂರುಗಳನ್ನು ಅಡಿಗೆ ಅಂಟಿಸಿ ಅಂಟಿಸಿ, ಮೊಳೆ ಹಾಳೆಯನ್ನು ಸೋಕಿದರೆ ಸಾಕು ಎನ್ನುವಷ್ಟು ಹದ ಮಾಡುತ್ತಿದ್ದ. ಅವನ ಜೀವಮಾನದ ಕಸುಬನ್ನು ಕೆಡಿಸಲು ಅವನಿಗೇ ಹೆಚ್ಚಿನ ಕೂಲಿ ಕೊಡಬೇಕಾಗುತ್ತದೆ.

ಹಂತ 5: ಹೊಲಿಗೆ ಮತ್ತು ಅಂಟು

ಫಾರಂಗಳನ್ನು ಮಡಿಸಿ, ಮಡಿಕೆಯ ನಡುವೆ ದಬ್ಬಳದಿಂದ ತೂತು ಮಾಡಿ ದಾರ ಹಾಯಿಸಿ. ಮೈದಾ ಕುದಿಸಿ ಅಂಟು ಮಾಡುವಾಗ ಚಿಟಿಕೆ ಮೈಲುತುತ್ತ ಬೆರೆಸಿ; ಹುಳ ಹತ್ತುವುದಿಲ್ಲ. ಮೈಲುತುತ್ತಕ್ಕೆ ದೂರ ಹೋಗಬೇಕಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ತೋಟದವರ ಮನೆಯಲ್ಲಿ ಸಿಗುತ್ತದೆ. ಉಳಿದದ್ದನ್ನು ಅಡುಗೆಮನೆಯಲ್ಲಿ ಇಡಬೇಡಿ, ಅದು ವಿಷ.

ಹಂತ 6: ಚರ್ಮ

ಆಡಿನ ಚರ್ಮ ಉತ್ತಮ. ಅಂಚನ್ನು ಕಾಗದದಷ್ಟು ತೆಳ್ಳಗೆ ಹೆರೆದು ರಟ್ಟಿನ ಒಳಕ್ಕೆ ಮಡಿಸಬೇಕು. ಹದ ಮಾಡಿದ್ದು ಯಾವುದರಲ್ಲಿ ಎಂದು ಕೇಳಿ ತಿಳಿಯಿರಿ. ಆವರಿಕೆ ತೊಗಟೆಯಲ್ಲಿ ಹದಗೊಂಡ ಚರ್ಮ ಕೆಲವು ದಶಕ ಕಳೆದ ಮೇಲೆ ಕೆಂಪು ಪುಡಿಯಾಗಿ ಉದುರತೊಡಗುತ್ತದೆ. ಅಳಲೆಕಾಯಿಯದು ಹೆಚ್ಚು ಬಾಳುತ್ತದೆ.

ಚರ್ಮ ಒಲ್ಲದವರಿಗೆ ಬಟ್ಟೆಯೂ ಆದೀತು. ಕಲ್ಕತ್ತೆಯಲ್ಲಿ ಪಿ. ಲಾಲ್ 1958ರಲ್ಲಿ ಕಟ್ಟಿದ ರೈಟರ್ಸ್ ವರ್ಕ್‌ಶಾಪ್ ತನ್ನ ಪುಸ್ತಕಗಳಿಗೆ ಕೈಮಗ್ಗದ ಸೀರೆಯನ್ನೇ ಹೊದಿಸಿತು. ನಮಗೆ ಹೆಗ್ಗೋಡಿನ ‘ಚರಕ’ ಸಂಸ್ಥೆಯ ಬಟ್ಟೆಯಿದೆ, ಅಡಿಕೆ ಚೊಗರಿನಲ್ಲಿ ಅದ್ದಿದ ಕಂದು ಬಣ್ಣದ್ದು. ನೋಡಿದರೆ ಚರ್ಮದಂತೆಯೇ ಗಂಭೀರ, ದೇವರಮನೆಗೂ ಒಯ್ಯಬಹುದು.

ಹಂತ 7: ನಂಬರು ಹಾಕಿ, ಮೊಳೆ ನಾಶಮಾಡಿ

ಪ್ರತಿ ಸಂಖ್ಯೆಯನ್ನು ಕೈಯಲ್ಲಿ ಬರೆಯುವುದು ವಾಡಿಕೆ. ಬಿಲ್‌ಬುಕ್ಕಿನ ನಂಬರಿಂಗ್ ಮೆಷಿನ್ ಸಿಕ್ಕರೆ 0001ರಿಂದ 0108ರವರೆಗೆ ಅರ್ಧ ತಾಸಿನ ಕೆಲಸ. ಸೊಸೈಟಿ ರಸೀದಿಯ ಕಳೆ ಬರುತ್ತದೆ, ಅಷ್ಟೆ.

ಆಮೇಲೆ ಯಾರೂ ಮರುಮುದ್ರಣ ಮಾಡದಂತೆ ನೋಡಿಕೊಳ್ಳಿ. ಡವ್ಸ್ ಮುದ್ರಣಾಲಯದ ಕಾಬ್ಡೆನ್-ಸ್ಯಾಂಡರ್ಸನ್, ಅಕ್ಷರ ಪಾಲುದಾರನ ಕೈಸೇರಬಾರದೆಂದು, 1916-17ರಲ್ಲಿ ಒಂದು ಟನ್‌ಗೂ ಹೆಚ್ಚು ಮೊಳೆಗಳನ್ನು ರಾತ್ರಿ ಹೊತ್ತು ಒಯ್ದೊಯ್ದು ಥೇಮ್ಸ್ ನದಿಗೆ ಎಸೆದ. ನೀವು ತುಂಗೆಗೋ ಭದ್ರೆಗೋ ಇಂಥ ಕಷ್ಟ ಕೊಡಬೇಕಿಲ್ಲ. ಕನ್ನಡದ ಮೊಳೆಗಳು ಡಿಟಿಪಿ ಬಂದ ಮೇಲೆ ಕೇಜಿ ಲೆಕ್ಕದಲ್ಲಿ ಗುಜರಿಗೆ ಹೋಗಿ ಕರಗಿವೆ. ಹಾಗೆ ನೋಡಿದರೆ ಅಟ್ಟದ ಮೇಲಿರುವ 1970ರ ಅಗ್ಗದ ಕಾದಂಬರಿಯೂ ಮೊಳೆ ಜೋಡಿಸಿ ಅಚ್ಚಾದದ್ದೇ, ಇನ್ನೊಂದು ಪ್ರತಿ ಹಾಗೆ ಆಗುವಂತಿಲ್ಲದ್ದೇ. ಸೀಮಿತ ಆವೃತ್ತಿ ಬೇಕೆನ್ನುವವರು ಮೊದಲು ಅಟ್ಟ ಹತ್ತಿ ನೋಡತಕ್ಕದ್ದು. ಈ ಸೂಚನೆಯನ್ನು ಏಳನೆಯ ಹಂತದಲ್ಲಿ ಕೊಟ್ಟಿರುವುದು ಉದ್ದೇಶಪೂರ್ವಕ.

ಬಳಕೆ

ನವರಾತ್ರಿಯಲ್ಲಿ ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಓದಬಾರದು. ಮಕ್ಕಳಿಗೆ ಬಲು ಪ್ರಿಯವಾದ ಪದ್ಧತಿ ಇದು. ಸೀಮಿತ ಆವೃತ್ತಿಯ ಮಾಲೀಕರಿಗೆ ವರ್ಷವಿಡೀ ನವರಾತ್ರಿ.

ದೋಷ ಪರಿಹಾರ

ದೋಷ: ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿದಿದೆ.
ಪರಿಹಾರ: ಒಣಬಟ್ಟೆಯಲ್ಲಿ ಒರೆಸಿ ಗಾಳಿಯಾಡುವ ಕಡೆ ಇಡಿ. ಬಿಸಿಲಿಗಿಟ್ಟರೆ ಚರ್ಮ ಸೆಟೆದು ರಟ್ಟು ಡೊಂಕಾಗುತ್ತದೆ. ದಿನಾ ಬಿಚ್ಚುವ ಪುಸ್ತಕಕ್ಕೆ ಬೂಷ್ಟಿನ ಕಾಟ ಕಡಿಮೆ, ಆದರೆ ಆ ಚಿಕಿತ್ಸೆಯನ್ನು ಮಾಲೀಕರು ಒಪ್ಪುವುದಿಲ್ಲ.

ದೋಷ: “ಚರ್ಮದ್ದು ಸರಸ್ವತಿ ಪೂಜೆಗೆ ಇಡಬೇಡ್ರೋ” ಎಂದು ಅಜ್ಜಿಯ ತಕರಾರು.
ಪರಿಹಾರ: “ಅಜ್ಜಿ, ಭಜನೆಗೆ ಮೃದಂಗ ತರ್ತಾರಲ್ಲ?” ಎಂದು ಕೇಳಿ. “ಮೃದಂಗಾನ ಬಾರಿಸ್ತಾರೆ ಮಾರಾಯ, ನೀನು ಇದನ್ನ ಓದ್ತೀಯಾ?” ಎಂದು ಅವರು ಮರಳಿ ಕೇಳಿದರೆ ಪರಿಹಾರವಿಲ್ಲ.

ದೋಷ: “ಒಂದು ವಾರ ಕೊಡಿ, ಓದಿ ಕೊಡ್ತೀನಿ” ಎಂದು ಪಕ್ಕದ ಮನೆಯವರು ಕೇಳುತ್ತಿದ್ದಾರೆ.
ಪರಿಹಾರ: ಲೈಬ್ರರಿಯ ಕಾನೂರನ್ನು ತೋರಿಸಿ. ಎಷ್ಟೋ ಕೈ ದಾಟಿ ಬೆನ್ನು ಬಿಟ್ಟ ಮೇಲೆ ಬೈಂಡರ್ ಅದಕ್ಕೆ ರೆಕ್ಸಿನ್ ಹಾಕಿರುತ್ತಾರೆ. ಅಂಚು ಕತ್ತರಿಸುವಾಗ ಸಾಲಿನ ಕೊನೆಯಕ್ಷರವೂ ಹೋಗಿರುತ್ತದೆ. ಬೆನ್ನಿನ ಮೇಲೆ ಜಾಗ ಸಾಲದೆ ‘ಕಾ. ಹೆ.’ ಎಂದಷ್ಟೇ ಇರುತ್ತದೆ. ನಮ್ಮೂರಿನಲ್ಲಿ ಓದು ಮೊದಲು, ಬೈಂಡಿಂಗ್ ಆಮೇಲೆ. ಈ ಕೈಪಿಡಿ ಆ ಕ್ರಮವನ್ನು ತಿರುವುಮುರುವು ಮಾಡಿದೆ, ಅಷ್ಟೆ.

ಖಾತರಿ

ಮುಟ್ಟದಿದ್ದಲ್ಲಿ ಈ ಪುಸ್ತಕಕ್ಕೆ ನೂರು ವರ್ಷ ಖಾತರಿ. ಬಿಚ್ಚಿದರೆ, ಓದಿದರೆ, ಕಡ ಕೊಟ್ಟರೆ ಖಾತರಿ ರದ್ದು. ಖಾತರಿ ರದ್ದಾದ ಪ್ರತಿಯ ಬೆನ್ನು ಬಿಟ್ಟಾಗ ಬೈಂಡರ್ ಹತ್ತಿರ ಒಯ್ಯಿರಿ. ಅವರು ಚರ್ಮ ಕಿತ್ತು, ರೆಕ್ಸಿನ್ ಹಾಕಿ, ಬೆನ್ನಿಗೆ ‘ಕಾ. ಹೆ.’ ಎಂದು ಬರೆದುಕೊಡುತ್ತಾರೆ. ಪುಸ್ತಕ ಆವತ್ತಿಗೆ ತಯಾರಾಯಿತೆಂದು ತಿಳಿಯತಕ್ಕದ್ದು.