ನೆನಪಿನ ಸೈಕಲ್ಲಿಗೆ ಬ್ರೇಕು ಚೆನ್ನಾಗಿ ಹಿಡಿಯುತ್ತದೆ

ಮೈಸೂರಿನ ಬೆಳಗಿನ ಕಾಫಿ ಬೆಂಚಿನ ಹಿರಿಯರಿಗೆ ನಮಸ್ಕಾರಗಳು.

ಸೈಕಲ್ಲುಗಳ ಬಗೆಗಿನ ತಮ್ಮ ತೀರ್ಪು ನನಗೆ ಬಾಯಿಪಾಠವಾಗಿದೆ. ರ‍್ಯಾಲೆ ತೇಲಿಕೊಂಡು ಹೋಗುತ್ತಿತ್ತು, ಹರ್ಕ್ಯುಲಿಸ್ ಇದ್ದದ್ದೇ ಮೂಟೆ ಹೊರಲಿಕ್ಕೆ, ಅಟ್ಲಾಸ್ ಗಟ್ಟಿ ಆದರೆ ಒರಟು, ಬಿಎಸ್‌ಎ ಎಸ್‌ಎಲ್‌ಆರ್ ಹುಡುಗರ ಶೋಕಿ, ಈಗಿನ ಗೇರಿನವು ಸೈಕಲ್ಲೇ ಅಲ್ಲ. ಇವುಗಳಲ್ಲಿ ಒಂದನ್ನೂ ತಾವ್ಯಾರೂ ಎಷ್ಟೋ ವರ್ಷಗಳಿಂದ ಹತ್ತಿಲ್ಲ ಎಂಬುದರಿಂದ ತೀರ್ಪಿನ ತೂಕ ಹೆಚ್ಚಿದೆ. ಸೈಕಲ್ ಎದುರಿಗೇ ನಿಂತಿದ್ದರೆ ಇಷ್ಟು ಧೈರ್ಯವಾಗಿ ಮಾತಾಡಲು ಆಗುತ್ತಿರಲಿಲ್ಲ.

ನಂಜನಗೂಡಿನಿಂದ ಮೈಸೂರಿಗೆ ಮುಕ್ಕಾಲು ಗಂಟೆ ಎಂದಿರಿ. ಸುಮಾರು 23 ಕಿಲೋಮೀಟರ್ ದಾರಿ. ನಮ್ಮ ಕರಿ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18; ಪೆಡಲು ಒಂದು ಸುತ್ತು ಬಂದರೆ ಸೈಕಲ್ ಐದೂವರೆ ಮೀಟರಿನಷ್ಟು ಸಾಗುತ್ತದೆ. ಹಾಗಾದರೆ ಪಂಚೆ ಎತ್ತಿ ಕಟ್ಟಿ, ಕ್ಯಾರಿಯರ್‌ನಲ್ಲಿ ಅಕ್ಕಿ ಚೀಲ ಇಟ್ಟುಕೊಂಡು, 20 ಕಿಲೋ ಆಸುಪಾಸಿನ ಕಬ್ಬಿಣದ ಮೇಲೆ, ನಿಮಿಷಕ್ಕೆ ತೊಂಬತ್ತಕ್ಕೂ ಹೆಚ್ಚು ಸುತ್ತು, ನಡುವೆ ಒಂದು ಬೀಡಿಗೂ ನಿಲ್ಲದೆ ತುಳಿದಿದ್ದೀರಿ. ದೇಶ ತಮ್ಮನ್ನು ಗುರುತಿಸಲಿಲ್ಲವಲ್ಲ ಎಂಬುದೊಂದೇ ನನ್ನ ಸಂಕಟ.

ಬ್ರೇಕಿನ ಬಗ್ಗೆ ತಾವು ಏನೂ ಹೇಳಿಲ್ಲ. ಸರಳಿನ ಬ್ರೇಕು, ಮಿರುಗುವ ಉಕ್ಕಿನ ರಿಮ್ಮು; ಒಂದು ಮಳೆ ಬಿದ್ದರೆ ರಬ್ಬರು ಸುಮ್ಮನೆ ಜಾರುತ್ತಿತ್ತು, ಚಪ್ಪಲಿಯೇ ನಿಜವಾದ ಬ್ರೇಕು. ನೆನಪಿನಲ್ಲಿ ಮಳೆ ಬರುವುದಿಲ್ಲವಾದ್ದರಿಂದ ಆ ತೊಂದರೆಯೂ ಇಲ್ಲ.

ಆದರೂ ತಮ್ಮ ಒಂದು ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ: ಆ ಸೈಕಲ್ಲನ್ನು ಎರಡೂ ಕೈ ಬಿಟ್ಟು ಓಡಿಸಬಹುದಿತ್ತು. ಅದರ ಮುಂದಿನ ಫೋರ್ಕು ಚೆನ್ನಾಗಿ ಒರಗಿಕೊಂಡಿತ್ತು, ನೆಲದೊಡನೆ 67 ಡಿಗ್ರಿಯ ಸುಮಾರಿಗೆ; ಈಗಿನ ರೇಸ್ ಸೈಕಲ್ಲಿನದು 73ರ ಹತ್ತಿರ. ಚಕ್ರಗಳ ನಡುವಿನ ಅಂತರವೂ ಉದ್ದ. ಹಾಗಾಗಿ ಹ್ಯಾಂಡಲ್ ಗಡಿಬಿಡಿ ಮಾಡುತ್ತಿರಲಿಲ್ಲ. ಕೈಗಳ ನೆನಪು ನಂಬಬಹುದಾದದ್ದು. ಸುಳ್ಳು ಹೇಳುವುದು ಕಾಲುಗಳು.

ತೇಲುವ ರ‍್ಯಾಲೆಯ ಗುಟ್ಟು ಬೇರೆ. ಆಸನ್‌ಸೋಲ್‌ನ ಸೇನ್-ರ‍್ಯಾಲೆಯೂ ಮದರಾಸಿನ ಅಂಬತ್ತೂರಿನ ಹರ್ಕ್ಯುಲಿಸ್ಸೂ ಒಂದೇ ಇಂಗ್ಲಿಷ್ ಮಾದರಿಯ ಮಕ್ಕಳು: ಅದೇ 28 ಇಂಚಿನ ಚಕ್ರ, ಅದೇ ದಪ್ಪ ಟೈರು, ಸೀಟಿನಡಿ ಅದೇ ಸ್ಪ್ರಿಂಗು. ಒಂದು ತೇಲಿ ಇನ್ನೊಂದು ಕುಟ್ಟಿದ್ದರೆ ಮೊದಲು ವಿಚಾರಿಸಬೇಕಾದದ್ದು ಕಾರ್ಖಾನೆಯನ್ನಲ್ಲ; ಅಂದು ಗಾಳಿ ಹೊಡೆದವರು ಯಾರು, ಎಷ್ಟು ಹೊಡೆದರು ಎಂದು. ರ‍್ಯಾಲೆ ಮಾವನವರು ಕೊಡಿಸಿದ್ದು, ಹರ್ಕ್ಯುಲಿಸ್ ಗಂಟೆ ಲೆಕ್ಕದ ಬಾಡಿಗೆಯದು ಎಂಬುದನ್ನು ನಾನು ಎತ್ತುವುದಿಲ್ಲ.

ತಮ್ಮ ಮೊಮ್ಮಕ್ಕಳೇನೂ ಕಡಿಮೆಯಿಲ್ಲ. ಕಾರ್ಬನ್ ಫ್ರೇಮು ‘ಮಾತಾಡುತ್ತದೆ’, ಅಲ್ಯುಮಿನಿಯಂ ‘ಸತ್ತಿದೆ’ ಎಂದು ಅವರು ಹೇಳುವುದೂ ಹೋದ ತಿಂಗಳು ಬೇರೆ ಟೈರು, ಬೇರೆ ಗಾಳಿ, ಬೇರೆ ರಸ್ತೆಯಲ್ಲಿ ತುಳಿದದ್ದನ್ನು ನೆನೆದೇ. ತಮ್ಮ ವಂಶವಾಹಿನಿ ಕ್ಷೇಮವಾಗಿದೆ.

ಇನ್ನು ಕೈಗಳಿಗೆ ಗೊತ್ತಿರುವುದು ಬಾಯಿಗೆ ಗೊತ್ತಿರುವುದಿಲ್ಲ. ಸೈಕಲ್ ಅಂಗಡಿ ಇಟ್ಟಿದ್ದ, ವಿಮಾನದ ಗೀಳಿನ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದ: ಎಡಕ್ಕೆ ತಿರುಗುವ ಸವಾರ ಮೊದಲು ಹ್ಯಾಂಡಲನ್ನು ಕೊಂಚ ಬಲಕ್ಕೆ ತಿರುಗಿಸುತ್ತಾನೆ, ಸೈಕಲ್ ಎಡಕ್ಕೆ ವಾಲಿದ ಮೇಲೆಯೇ ತಿರುವು. ಬೆಂಚಿನ ಮೇಲೆ ಒಬ್ಬೊಬ್ಬರನ್ನೇ ಕೇಳಿ ನೋಡಿ, ಎಡಕ್ಕೆ ಹೋಗಲು ಹ್ಯಾಂಡಲನ್ನು ಎಡಕ್ಕೇ ತಿರುಗಿಸಿದೆ ಎಂದು ಎಲ್ಲರೂ ಆಣೆ ಮಾಡುತ್ತಾರೆ. ಹಾಗೆ ಮಾಡಿದ್ದರೆ ಬಲಗಡೆಯ ಚರಂಡಿಯಲ್ಲಿರುತ್ತಿದ್ದಿರಿ.

ಆದ್ದರಿಂದ ಒಂದು ವಿನಂತಿ. ರಿಪೇರಿ ಅಂಗಡಿಯವರ ಅಟ್ಟದ ಮೇಲೆ ಹಳೆಯ ರ‍್ಯಾಲೆಯೂ ಹರ್ಕ್ಯುಲಿಸ್ಸೂ ಇವೆ. ಬೆಂಡು ತೆಗೆಸಿ, ವಾಲ್‌ಟ್ಯೂಬ್ ಬದಲಿಸಿ, ಎರಡಕ್ಕೂ ಒಂದೇ ಸಮ ಗಾಳಿ ಹೊಡೆಸಿ, ಹೆಸರು ಕಾಣದಂತೆ ಕಾಗದ ಅಂಟಿಸಿಡುತ್ತೇನೆ. ಭಾನುವಾರ ಬಂದು ಯಾವುದು ತೇಲುತ್ತದೆ ಎಂದು ಹೇಳಿ. ಮಂಡಿನೋವಿನವರಿಗೆ ವಿನಾಯಿತಿಯಿದೆ, ಅವರು ಎಂದಿನಂತೆ ಬೆಂಚಿನಿಂದಲೇ ಗೆಲ್ಲಬಹುದು.

ಇಂತಿ,
ತಮ್ಮೆಲ್ಲರ ಹಿಂದೆ ಕ್ಯಾರಿಯರ್ ಮೇಲೆ ಕೂತು ಪ್ರತಿ ಗುಂಡಿಯನ್ನೂ ಎಣಿಸಿದವನು